ಕುದುರೆಗೆ ಸೊಳ್ಳೆಯಿಂದ ಬರುವ ಮೆದುಳು ಜ್ವರ: ಯಾವ ಲಸಿಕೆ, ಯಾವಾಗ, ಜೊತೆಗೆ ಇನ್ನೇನು?

ಕುದುರೆ ಸಾಕುವವರು ಸೇರಿದ ಕಡೆಯೆಲ್ಲ ಒಂದು ಮಾತು ಬಂದೇ ಬರುತ್ತದೆ: ಮೆದುಳು ಜ್ವರಕ್ಕೆ ಯಾವ ಲಸಿಕೆ ಒಳ್ಳೆಯದು? ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡಿವೆ. ಕುದುರೆ ಇರುವ ಜಾಗದಲ್ಲಿ ಯಾವ ವೈರಸ್ ಇದೆ? ಅಲ್ಲಿ ಸೊಳ್ಳೆ ಯಾವ ತಿಂಗಳಲ್ಲಿ ಹೆಚ್ಚುತ್ತದೆ? ಇವೆರಡು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ. ಗೊತ್ತಿಲ್ಲದೆ ಹಾಕಿಸಿದ ಲಸಿಕೆ ಎಷ್ಟೇ ದುಬಾರಿಯದಾಗಲಿ, ಬೇರೆ ಯಾವುದೋ ರೋಗವನ್ನು ಕಾಯುತ್ತಾ ಕೂತಿರಬಹುದು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಈ ವೈರಸ್‌ಗಳು ಮೆದುಳಿಗೆ ಹೋಗಿ ಕೂತ ಮೇಲೆ ಅವನ್ನು ಕೊಲ್ಲುವ ಔಷಧಿ ಯಾರ ಹತ್ತಿರವೂ ಇಲ್ಲ. ಆಗ ಆರೈಕೆ ಮಾಡಬಹುದು, ನೋವು ಕಡಿಮೆ ಮಾಡಬಹುದು, ಕಾಯಬಹುದು, ಅಷ್ಟೆ. ಆಯ್ಕೆಗಳು ನಿಜವಾಗಿ ಕೈಯಲ್ಲಿರುವುದು ಕುದುರೆ ಚೆನ್ನಾಗಿರುವಾಗ.

ಮೊದಲು ವೈರಸ್‌ಗಳನ್ನು ಹೋಲಿಸಿ ನೋಡೋಣ

ಕುದುರೆಗೆ ಮೆದುಳು ಜ್ವರ ತರುವ ಸೊಳ್ಳೆ ವೈರಸ್‌ಗಳಲ್ಲಿ ಮುಖ್ಯವಾದವು ಐದು. ಈಸ್ಟರ್ನ್, ವೆಸ್ಟರ್ನ್, ವೆನೆಜುವೆಲನ್ ಎಂಬ ಮೂರು ಒಂದು ಕುಟುಂಬದವು. ಇವನ್ನು ಆಲ್ಫಾವೈರಸ್ ಅನ್ನುತ್ತಾರೆ. ವೆಸ್ಟ್ ನೈಲ್ ಮತ್ತು ಜಪಾನೀಸ್ ಮೆದುಳು ಜ್ವರ, ಅಂದರೆ ಜೆ.ಇ., ಇನ್ನೊಂದು ಕುಟುಂಬದವು. ಅವು ಫ್ಲಾವಿವೈರಸ್. ಕುಟುಂಬದ ಮಾತು ಯಾಕೆ ಬೇಕು ಅಂದರೆ, ಒಂದು ಕುಟುಂಬದ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ಒಂದೇ ಕುಟುಂಬದೊಳಗೂ ಒಂದರ ಲಸಿಕೆಯನ್ನು ನಂಬಿ ಇನ್ನೊಂದನ್ನು ಬಿಡುವ ಹಾಗಿಲ್ಲ.

ಎಲ್ಲಕ್ಕಿಂತ ಭಯ ಹುಟ್ಟಿಸುವುದು ಈಸ್ಟರ್ನ್. ಇದು ಕಾಣುವುದು ಮುಖ್ಯವಾಗಿ ಉತ್ತರ ಅಮೆರಿಕದ ಪೂರ್ವ ಮತ್ತು ದಕ್ಷಿಣದ ತಗ್ಗು ಪ್ರದೇಶಗಳಲ್ಲಿ, ಕೆರಿಬಿಯನ್ ದ್ವೀಪಗಳಲ್ಲಿ. ವೈರಸ್ಸನ್ನು ಕುದುರೆಗಳ ಮೆದುಳಿನಿಂದ ಬೇರ್ಪಡಿಸಿದ್ದು 1933ರಲ್ಲಿ. ಆದರೆ 1831ರಲ್ಲೇ ಮ್ಯಾಸಚುಸೆಟ್ಸ್‌ನಲ್ಲಿ 75 ಕುದುರೆಗಳು ಇದೇ ಥರದ ಕಾಯಿಲೆಯಿಂದ ಸತ್ತಿದ್ದವು. ಲಕ್ಷಣ ಕಾಣಿಸಿಕೊಂಡ ನೂರು ಕುದುರೆಗಳಲ್ಲಿ 75ರಿಂದ 95 ಸಾಯುತ್ತವೆ. ಅದೂ ಎರಡು ಮೂರು ದಿನಗಳಲ್ಲಿ. ಉಳಿದವುಗಳಲ್ಲೂ ಮೊದಲಿನ ಹಾಗೆ ಆಗುವವು ಕಡಿಮೆ. ಜೌಗು ಕಾಡಿನ ಮರದ ಬೇರುಗಳ ಸಂದಿಯ ನೀರಿನಲ್ಲಿ ಬೆಳೆಯುವ ಒಂದು ಸೊಳ್ಳೆ ಈ ವೈರಸ್ಸನ್ನು ಹಕ್ಕಿಯಿಂದ ಹಕ್ಕಿಗೆ ದಾಟಿಸುತ್ತಾ ಇರುತ್ತದೆ. ಆ ಸೊಳ್ಳೆ ಕುದುರೆಯ ತಂಟೆಗೆ ಬರುವುದು ತೀರಾ ಅಪರೂಪ. ಹಕ್ಕಿಯನ್ನೂ ಕುದುರೆಯನ್ನೂ ಕಚ್ಚುವ ಬೇರೆ ಸೊಳ್ಳೆಗಳು ನಡುವೆ ಸೇತುವೆಯಾಗುತ್ತವೆ. ಅವುಗಳಲ್ಲಿ ಕೆಲವು ಹಗಲಲ್ಲೂ ಕಚ್ಚುತ್ತವೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ವೆಸ್ಟರ್ನ್ ಸ್ವಲ್ಪ ಮೆತ್ತಗಿನದು. ಸಾವು ನೂರಕ್ಕೆ 20ರಿಂದ 50. ಕ್ಯಾಲಿಫೋರ್ನಿಯಾದಲ್ಲಿ 1930ರಲ್ಲಿ ಸಿಕ್ಕಿದ ಈ ವೈರಸ್ ಈಚಿನ ದಶಕಗಳಲ್ಲಿ ಉತ್ತರ ಅಮೆರಿಕದಲ್ಲಿ ಹೆಚ್ಚುಕಡಿಮೆ ಮರೆಯಾಗಿತ್ತು. ಇನ್ನು ಇದರ ಚಿಂತೆ ಬೇಡ ಎಂದು ಅನಿಸುವಷ್ಟರಲ್ಲಿ, 2023ರ ಕೊನೆಯಲ್ಲಿ ಅರ್ಜೆಂಟೀನಾ ಮತ್ತು ಉರುಗ್ವೆಯಲ್ಲಿ ಕುದುರೆಗಳು ಬೀಳತೊಡಗಿದವು. ಜನರಿಗೂ ತಗುಲಿತು, ಸಾವೂ ಆಯಿತು. ಲಸಿಕೆ ಹಾಕಿಸುವುದನ್ನು ಬಿಟ್ಟುಬಿಡುವ ಮೊದಲು ಈ ಘಟನೆ ನೆನಪಿರಲಿ.

ವೆನೆಜುವೆಲನ್ ಉಳಿದ ನಾಲ್ಕರ ಹಾಗಲ್ಲ. ಉಳಿದವುಗಳಲ್ಲಿ ಕುದುರೆಯೇ ಕೊನೆಯ ನಿಲ್ದಾಣ. ಅದರ ರಕ್ತದಲ್ಲಿ ವೈರಸ್ ತುಂಬಾ ಕಡಿಮೆ ಇರುತ್ತದೆ. ಕಚ್ಚಿದ ಸೊಳ್ಳೆ ಅದನ್ನು ಇನ್ನೊಂದು ಕುದುರೆಗೆ ದಾಟಿಸಲಾರದು. ವೆನೆಜುವೆಲನ್‌ನ ಹಾವಳಿ ಎಬ್ಬಿಸುವ ತಳಿಗಳಲ್ಲಿ ಮಾತ್ರ ಕುದುರೆಯ ರಕ್ತದಲ್ಲಿ ವೈರಸ್ ಉಕ್ಕುತ್ತದೆ. ಒಂದು ಕುದುರೆಯಿಂದ ನೂರಾರು ಸೊಳ್ಳೆ, ಅವುಗಳಿಂದ ಇನ್ನಷ್ಟು ಕುದುರೆ, ಜೊತೆಗೆ ಜನ. 1969ರಲ್ಲಿ ಮಧ್ಯ ಅಮೆರಿಕದಲ್ಲಿ ಎದ್ದ ಹಾವಳಿ ಮೆಕ್ಸಿಕೊ ದಾಟಿ 1971ರಲ್ಲಿ ಟೆಕ್ಸಾಸ್ ಮುಟ್ಟಿತು. ಕುದುರೆಗಳ ಓಡಾಟ ನಿಲ್ಲಿಸಿ, ಸಾಮೂಹಿಕವಾಗಿ ಲಸಿಕೆ ಹಾಕಿ, ಸೊಳ್ಳೆಗೆ ಔಷಧಿ ಸಿಂಪಡಿಸಿ ಅದನ್ನು ನಿಲ್ಲಿಸಬೇಕಾಯಿತು. ಹಾಗಾಗಿ ಇದರ ಲಸಿಕೆಯ ತೀರ್ಮಾನ ಒಬ್ಬ ಮಾಲೀಕನದಲ್ಲ. ಸರ್ಕಾರಿ ಪಶುವೈದ್ಯ ಇಲಾಖೆ ಹೇಳಿದ ಹಾಗೆ ನಡೆಯುವುದೇ ಸರಿ.

ವೆಸ್ಟ್ ನೈಲ್ ಎಲ್ಲಕ್ಕಿಂತ ದೊಡ್ಡ ಅಲೆಮಾರಿ. ಉಗಾಂಡದಲ್ಲಿ 1937ರಲ್ಲಿ ಸಿಕ್ಕಿತು. ಆಫ್ರಿಕಾ, ಯುರೋಪ್, ಏಷ್ಯಾ ಸುತ್ತಿ 1999ರಲ್ಲಿ ನ್ಯೂಯಾರ್ಕ್‌ಗೆ ಬಂತು. ಅಲ್ಲಿಂದ ಮೂರೇ ವರ್ಷ. 2002ರಲ್ಲಿ ಅಮೆರಿಕ ಒಂದರಲ್ಲೇ 15,000ಕ್ಕೂ ಜಾಸ್ತಿ ಕುದುರೆಗಳು ಕಾಯಿಲೆ ಬಿದ್ದವು. ಲಕ್ಷಣ ಕಂಡವುಗಳಲ್ಲಿ ಮೂರರಲ್ಲಿ ಒಂದು ಉಳಿಯುವುದಿಲ್ಲ. ಇದನ್ನು ಗುರುತಿಸುವುದು ಕಷ್ಟ. ಎಷ್ಟೋ ಸಲ ಜ್ವರವೇ ಇರುವುದಿಲ್ಲ. ಮೂತಿಯ ಮತ್ತು ಕತ್ತಿನ ಮಾಂಸಖಂಡ ಸಣ್ಣಗೆ ಅದುರುವುದು, ಮುಟ್ಟಿದರೆ ಬೆಚ್ಚುವುದು, ಹಿಂಗಾಲು ಎಳೆಯುವುದು ಮೊದಲು ಕಾಣುತ್ತವೆ.

ಕೊನೆಯದು ಜೆ.ಇ. ಏಷ್ಯಾದ ಬಹುಭಾಗದಲ್ಲಿ ಇದೆ. ಕೊಕ್ಕರೆ, ಬೆಳ್ಳಕ್ಕಿಯಂಥ ನೀರಹಕ್ಕಿಗಳು ಮತ್ತು ಹಂದಿಗಳು ಇದರ ಮನೆ. ಗದ್ದೆಯ ನೀರಲ್ಲಿ ಬೆಳೆಯುವ ಕ್ಯುಲೆಕ್ಸ್ ಸೊಳ್ಳೆ ಇದರ ವಾಹನ. ಬಹಳಷ್ಟು ಕುದುರೆಗಳಿಗೆ ತಗುಲಿದ್ದೇ ಗೊತ್ತಾಗುವುದಿಲ್ಲ. ಕೆಲವಕ್ಕೆ ಎರಡು ದಿನದ ಜ್ವರ ಬಂದು ಹೋಗುತ್ತದೆ. ಕೆಲವು ಮಾತ್ರ ಹುಚ್ಚೆದ್ದ ಹಾಗೆ ಕುಸಿದು ಬೀಳುತ್ತವೆ. 2022ರ ಶುರುವಿನಲ್ಲಿ ಆಗ್ನೇಯ ಆಸ್ಟ್ರೇಲಿಯಾದ ಹಂದಿ ಫಾರ್ಮ್‌ಗಳಲ್ಲಿ ಇದು ಕಾಣಿಸಿಕೊಂಡಾಗ ಅಲ್ಲಿನವರಿಗೆ ಅದು ನಿರೀಕ್ಷೆಯೇ ಇಲ್ಲದ ಸುದ್ದಿ. ಸೊಳ್ಳೆಗೂ ಹಕ್ಕಿಗೂ ಗಡಿ ಇಲ್ಲ ಅಲ್ವಾ.

ಲಸಿಕೆಯೋ, ಸೊಳ್ಳೆ ತಡೆಯೋ?

ಎರಡರಲ್ಲಿ ಒಂದೇ ಆಗುವುದು ಅನ್ನುವ ಪರಿಸ್ಥಿತಿ ಬಂದರೆ ಲಸಿಕೆಯನ್ನೇ ಆರಿಸಿ. ಅದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಸೊಳ್ಳೆ ತಡೆ ದಿನಾ ಮಾಡಬೇಕಾದ ಕೆಲಸ. ಒಂದು ಸಂಜೆ ತಪ್ಪಿದರೂ ಸಾಕು, ಒಂದೇ ಸೊಳ್ಳೆ ಕಚ್ಚಿದರೂ ಸಾಕು. ಲಸಿಕೆ ಹಾಗಲ್ಲ. ನೀವು ಮಲಗಿದ್ದಾಗಲೂ ಅದು ಕೆಲಸ ಮಾಡುತ್ತಿರುತ್ತದೆ. ಆದರೆ ಯಾವ ಲಸಿಕೆಯೂ ನೂರಕ್ಕೆ ನೂರು ಕಾಪಾಡುವುದಿಲ್ಲ. ಸೊಳ್ಳೆ ತಡೆ ಅದರ ಜೊತೆಗೆ ಬರಬೇಕು, ಬದಲಿಗೆ ಅಲ್ಲ.

ಈಗ ಲಸಿಕೆಗಳ ನಡುವಿನ ಹೋಲಿಕೆ. ಈಸ್ಟರ್ನ್ ಮತ್ತು ವೆಸ್ಟರ್ನ್‌ಗೆ ಸಿಗುವವು ಸತ್ತ ವೈರಸ್ಸಿನ ಲಸಿಕೆಗಳು. ಸಾಮಾನ್ಯವಾಗಿ ಎರಡೂ ಒಂದೇ ಸೂಜಿಯಲ್ಲಿ, ಎಷ್ಟೋ ಸಲ ಧನುರ್ವಾಯು ಲಸಿಕೆಯ ಜೊತೆಗೇ ಬರುತ್ತವೆ. ಆದ್ದರಿಂದ ಇಲ್ಲಿ ತಲೆ ಕೆಡಿಸಿಕೊಳ್ಳುವ ಆಯ್ಕೆ ಇಲ್ಲ. ವೆಸ್ಟ್ ನೈಲ್‌ಗೆ ಮೂರು ಥರ ಇವೆ. ಒಂದು, ಇಡೀ ವೈರಸ್ಸನ್ನು ಕೊಂದು ಮಾಡಿದ್ದು. ಎರಡನೆಯದು, ಕ್ಯಾನರಿ ಹಕ್ಕಿಯ ಸಿಡುಬಿನ ವೈರಸ್ಸಿಗೆ ವೆಸ್ಟ್ ನೈಲ್‌ನ ಒಂದೆರಡು ಜೀನ್ ಸೇರಿಸಿ ಮಾಡಿದ್ದು. ಕ್ಯಾನರಿ ಸಿಡುಬು ಕುದುರೆಯ ದೇಹದಲ್ಲಿ ಬೆಳೆಯುವುದಿಲ್ಲ. ಜೀನ್ ಕೊಟ್ಟ ಪ್ರೋಟೀನನ್ನು ಮಾತ್ರ ದೇಹಕ್ಕೆ ಪರಿಚಯಿಸಿ ಹೋಗುತ್ತದೆ. ಮೂರನೆಯದು, ಬೇರೆ ಫ್ಲಾವಿವೈರಸ್ಸಿನ ಮೈಗೆ ವೆಸ್ಟ್ ನೈಲ್‌ನ ಹೊರಕವಚ ಹೊದಿಸಿ ನಂತರ ಕೊಂದು ಮಾಡಿದ್ದು. ಎಲ್ಲ ದೇಶಗಳಲ್ಲೂ ಎಲ್ಲ ಥರವೂ ಸಿಗುವುದಿಲ್ಲ.

ಇವುಗಳಲ್ಲಿ ಯಾವುದು ಮೇಲು ಎಂದು ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನ್ನ ಅಭಿಪ್ರಾಯ ಇಷ್ಟು. ನಿಮ್ಮ ದೇಶದಲ್ಲಿ ಪರವಾನಗಿ ಪಡೆದ ಯಾವುದಾದರೂ ಸರಿ. ವೇಳೆಗೆ ಹಾಕಿಸಿದ ಸಾಧಾರಣ ಲಸಿಕೆ, ತಡವಾಗಿ ಹಾಕಿಸಿದ ಹೊಸ ಲಸಿಕೆಗಿಂತ ಎಷ್ಟೋ ಮೇಲು. ಒಮ್ಮೆ ಹಾಕಿಸಿದಾಗ ಸೂಜಿಯ ಜಾಗ ತುಂಬಾ ಊದಿಕೊಂಡಿದ್ದರೆ ಮುಂದಿನ ಸಲ ಬೇರೆ ಥರದ್ದು ನೋಡಬಹುದಾ ಎಂದು ವೈದ್ಯರನ್ನು ಕೇಳಿ. ಸ್ವಲ್ಪ ಊತ, ಒಂದೆರಡು ದಿನ ಮಂಕು, ಮೇವು ಕಡಿಮೆ ತಿನ್ನುವುದು ಇವೆಲ್ಲ ಸಾಮಾನ್ಯ. ಸ್ಪರ್ಧೆ ಅಥವಾ ದೂರದ ಪ್ರಯಾಣಕ್ಕೆ ಎರಡು ದಿನ ಇರುವಾಗ ಹಾಕಿಸಬೇಡಿ, ಅಷ್ಟೆ.

ವೇಳೆ ಅಂದರೆ ಏನು? ಮೊದಲ ಸಲ ಹಾಕಿಸುವ ದೊಡ್ಡ ಕುದುರೆಗೆ ಎರಡು ಡೋಸ್, ನಡುವೆ ನಾಲ್ಕರಿಂದ ಆರು ವಾರ. ಎರಡನೇ ಡೋಸ್ ಆದ ಮೇಲೂ ರಕ್ಷಣೆ ಗಟ್ಟಿಯಾಗಲು ಸುಮಾರು ಎರಡು ವಾರ ಬೇಕು. ಒಟ್ಟು ಎರಡು ತಿಂಗಳು. ಸೊಳ್ಳೆ ಹೆಚ್ಚುವ ತಿಂಗಳಿನಿಂದ ಹಿಂದಕ್ಕೆ ಎಣಿಸಿ, ಆ ದಿನಕ್ಕೆ ಮೊದಲ ಡೋಸ್ ಗೊತ್ತು ಮಾಡಿ. ಆಮೇಲೆ ಪ್ರತಿ ವರ್ಷ ಸೊಳ್ಳೆ ಕಾಲಕ್ಕೆ ಮುಂಚೆ ಒಂದು ಬೂಸ್ಟರ್. ವರ್ಷದ ಬಹುಪಾಲು ಸೊಳ್ಳೆ ಇರುವ ಬೆಚ್ಚಗಿನ ಜಾಗಗಳಲ್ಲಿ ಆರು ತಿಂಗಳಿಗೊಮ್ಮೆ ಹಾಕಿಸುವುದುಂಟು. ಈಸ್ಟರ್ನ್ ಇರುವ ಕಡೆ ನಾನಂತೂ ಆರು ತಿಂಗಳ ಪಕ್ಷವೇ.

ಎರಡನೇ ಡೋಸ್ ಬಿಡುವುದು ತುಂಬಾ ಸಾಮಾನ್ಯವಾದ ತಪ್ಪು. ನಾನೂ ಮಾಡಿದ್ದೇನೆ. ಮಳೆ, ಕೆಲಸ, ನಾಳೆ ನೋಡೋಣ ಎನ್ನುತ್ತಾ ಒಂದು ಹೆಣ್ಣು ಕುದುರೆಯ ಎರಡನೇ ಡೋಸ್ ಎರಡು ತಿಂಗಳು ಮುಂದೆ ಹೋಯಿತು. ಆ ಎರಡು ತಿಂಗಳಲ್ಲೇ ಅದಕ್ಕೆ ವೆಸ್ಟ್ ನೈಲ್ ಬಂತು. ಬದುಕಿತು. ಆದರೆ ಬಲ ಹಿಂಗಾಲಿನ ತಡವರಿಕೆ ತಿಂಗಳುಗಟ್ಟಲೆ ಹೋಗಲಿಲ್ಲ. ವೆಸ್ಟ್ ನೈಲ್‌ನಿಂದ ಬದುಕಿದ ಕುದುರೆಗಳಲ್ಲಿ ನೂರಕ್ಕೆ 40ರಷ್ಟಕ್ಕೆ ಆರು ತಿಂಗಳ ನಂತರವೂ ಏನಾದರೂ ಕೊರತೆ ಉಳಿದಿರುತ್ತದೆ ಎಂದು ಆಮೇಲೆ ತಿಳಿಯಿತು. ಅದರ ಬೆನ್ನ ಮೇಲೆ ಮತ್ತೆ ಕೂರಲು ನನಗೆ ಮನಸ್ಸು ಬರಲಿಲ್ಲ.

ಗಬ್ಬದ ಕುದುರೆಗೆ ಈಯುವ ನಾಲ್ಕರಿಂದ ಆರು ವಾರ ಮೊದಲು ಬೂಸ್ಟರ್ ಹಾಕಿಸಿದರೆ ಗಿಣ್ಣು ಹಾಲಿನ ಮೂಲಕ ಮರಿಗೂ ರಕ್ಷಣೆ ಸಿಗುತ್ತದೆ. ಅದೇ ರಕ್ಷಣೆ ಮರಿಯ ಲಸಿಕೆಗೆ ಅಡ್ಡ ಬರುವುದೂ ಉಂಟು. ಅದಕ್ಕೇ ಲಸಿಕೆ ಆದ ತಾಯಿಯ ಮರಿಗೆ ನಾಲ್ಕರಿಂದ ಆರು ತಿಂಗಳಲ್ಲಿ ಶುರು ಮಾಡಿ, ಒಟ್ಟು ಮೂರು ಡೋಸ್ ಕೊಡುತ್ತಾರೆ. ತಾಯಿಗೆ ಲಸಿಕೆ ಆಗಿರದಿದ್ದರೆ ಮರಿಗೆ ಮೂರು ನಾಲ್ಕು ತಿಂಗಳಲ್ಲೇ ಶುರು ಮಾಡಬೇಕು. ತಾಯಿಯ ಇತಿಹಾಸ ಗೊತ್ತಿಲ್ಲದ ಮರಿ ಕೊಂಡರೆ ವೈದ್ಯರಿಗೆ ಅದನ್ನು ಮೊದಲೇ ಹೇಳಿ.

ಸೊಳ್ಳೆ ತಡೆಯಲ್ಲಿ ಯಾವುದು ಎಷ್ಟು ಉಪಯೋಗ

ದುಡ್ಡಿಲ್ಲದೆ ಆಗುವ ಕೆಲಸವೇ ಇಲ್ಲಿ ಜಾಸ್ತಿ ಫಲ ಕೊಡುತ್ತದೆ. ನಿಂತ ನೀರು ತೆಗೆಯುವುದು. ಬೆಚ್ಚಗಿನ ಹವೆಯಲ್ಲಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಒಂದು ವಾರ ಸಾಕು. ಕುಡಿಯುವ ತೊಟ್ಟಿಯನ್ನು ಮೂರು ನಾಲ್ಕು ದಿನಕ್ಕೊಮ್ಮೆ ಪೂರ್ತಿ ಚೆಲ್ಲಿ, ಒಳಗೋಡೆ ಉಜ್ಜಿ ತುಂಬಿಸಿ. ತೊಟ್ಟಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಲಾಯದ ಹಿಂದೆ ಎಸೆದ ಟಯರು, ಹುಲ್ಲಿನ ಮೇಲೆ ಹೊದಿಸಿದ ತಾಡಪಾಲಿನ ಗುಣಿ, ಕಟ್ಟಿಕೊಂಡ ಚಾವಣಿ ದೋಣಿ, ಕುದುರೆ ತೊಳೆದ ನೀರು ನಿಲ್ಲುವ ಮೂಲೆ, ಗೊಬ್ಬರದ ರಾಶಿಯ ಬುಡದ ಹೊಂಡ ಇವು ಬೀಳುವುದಿಲ್ಲ. ಒಂದು ದಿನ ಸುಮ್ನೆ ಇವನ್ನು ಹುಡುಕಲೆಂದೇ ಸುತ್ತಿ ಬನ್ನಿ.

ಖಾಲಿ ಮಾಡಲಾಗದ ಕೊಳ ಅಥವಾ ಹೊಂಡಕ್ಕೆ ಬಿಟಿಐ ಬಳಸಬಹುದು. ಅದು ಸೊಳ್ಳೆ ಮರಿಗಳನ್ನು ಕೊಲ್ಲುವ ಒಂದು ಬ್ಯಾಕ್ಟೀರಿಯಾ. ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲಿ ಹಾಕಿದರೆ ಕುದುರೆಗಾಗಲಿ ಮೀನಿಗಾಗಲಿ ತೊಂದರೆ ಇಲ್ಲ. ಸೊಳ್ಳೆ ಹಾರಲು ಶುರು ಮಾಡಿದ ಮೇಲೆ ಔಷಧಿ ಹೊಡೆಯುವುದಕ್ಕಿಂತ ಇದು ಎಷ್ಟೋ ಮೇಲು.

ಸಂಜೆಯಿಂದ ಬೆಳಗಿನವರೆಗೆ ಕುದುರೆಯನ್ನು ಒಳಗೆ ಕಟ್ಟುವುದು ಒಳ್ಳೆಯದಾ? ಅರ್ಧ ಮಾತ್ರ. ವೆಸ್ಟ್ ನೈಲ್ ಮತ್ತು ಜೆ.ಇ. ತರುವ ಕ್ಯುಲೆಕ್ಸ್ ಕಚ್ಚುವುದು ಹೆಚ್ಚಾಗಿ ಸಂಜೆ ಮತ್ತು ರಾತ್ರಿ. ಅಲ್ಲಿ ಇದು ಉಪಯೋಗ. ಈಸ್ಟರ್ನ್, ವೆನೆಜುವೆಲನ್ ದಾಟಿಸುವ ಕೆಲವು ಸೊಳ್ಳೆಗಳಿಗೆ ಹಗಲು ರಾತ್ರಿ ಎಂಬ ಭೇದ ಇಲ್ಲ. ಇನ್ನೊಂದು ವಿಷಯ, ಕಿಟಕಿಗೆ ಜಾಲರಿ ಇಲ್ಲದ ಲಾಯಕ್ಕೆ ಸೊಳ್ಳೆಯೂ ಬರುತ್ತದೆ. ಒಳಗೆ ಕಟ್ಟಿದ ಕುದುರೆ ಓಡಿ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಜಾಲರಿ ಹಾಕಿಸಲು ಆಗದಿದ್ದರೆ ದೊಡ್ಡ ಫ್ಯಾನ್ ಇಡಿ. ಸೊಳ್ಳೆ ಗಾಳಿಗೆ ಎದುರಾಗಿ ಹಾರಲಾರದು. ತಂತಿ ಮಾತ್ರ ಕುದುರೆಯ ಬಾಯಿಗೆ ಸಿಗದ ಹಾಗಿರಲಿ.

ಮೈಗೆ ಹಚ್ಚುವ ಔಷಧಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವವು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಬೆವರಿಗೂ ಮಳೆಗೂ ತೊಳೆದುಹೋಗುತ್ತವೆ. ಕುದುರೆಗೆಂದೇ ಮಾಡಿದ್ದನ್ನೇ ಕೊಳ್ಳಿ. ಪರ್ಮೆಥ್ರಿನ್ ಬೆಕ್ಕಿಗೂ ಮೀನಿಗೂ ವಿಷ, ಲಾಯದಲ್ಲಿ ಬೆಕ್ಕು ಇದ್ದರೆ ನಿಗಾ ಇರಲಿ. ಮೈಮುಚ್ಚುವ ಜಾಲರಿ ಬಟ್ಟೆ ಇದಕ್ಕಿಂತ ನಿಶ್ಚಿಂತೆ. ಸೆಕೆ ಜಾಸ್ತಿ ಇರುವ ಹೊತ್ತಲ್ಲಿ ಅದರ ಕೆಳಗೆ ಕೈಹಾಕಿ ಬೆವರು ನೋಡಿ. ಜೆ.ಇ. ಇರುವ ಕಡೆ ಹೊಸ ಲಾಯ ಕಟ್ಟುವವರು ಹಂದಿ ಫಾರ್ಮಿನಿಂದ, ನೀರು ನಿಲ್ಲುವ ಗದ್ದೆಯಿಂದ ಆದಷ್ಟು ದೂರದ ಜಾಗ ಆರಿಸಿಕೊಳ್ಳಿ.

ಅನುಮಾನ ಬಂದ ದಿನ

ತಲೆ ಗೋಡೆಗೆ ಒತ್ತಿ ನಿಲ್ಲುವುದು, ಒಂದೇ ಕಡೆ ಸುತ್ತುವುದು, ಕೆಳದುಟಿ ಜೋತು ಬೀಳುವುದು, ಕಾಲು ಅಗಲಿಸಿ ತೂರಾಡುವುದು, ನುಂಗಲಾಗದೆ ಜೊಲ್ಲು ಸುರಿಸುವುದು. ಇವುಗಳಲ್ಲಿ ಯಾವುದು ಕಂಡರೂ ಅದೇ ಹೊತ್ತಿಗೆ ವೈದ್ಯರನ್ನು ಕರೆಯಿರಿ. ಜೊಲ್ಲು ಸುರಿಸುವ ಕುದುರೆಯ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಬರಿಗೈ ಹಾಕಬೇಡಿ. ದಯವಿಟ್ಟು ಹಾಕಬೇಡಿ. ರೇಬೀಸ್ ಕೂಡ ಹೀಗೇ ಕಾಣುತ್ತದೆ. ಅದು ಅಲ್ಲ ಎಂದು ಖಾತ್ರಿಯಾಗುವವರೆಗೆ ಕೈಗವಸು ಬೇಕು, ಮಕ್ಕಳು ಹತ್ತಿರ ಬರಬಾರದು.

ಪರೀಕ್ಷೆಗಳಲ್ಲಿ ಯಾವುದು? ಬದುಕಿರುವ ಕುದುರೆಗೆ ರಕ್ತದ ಐಜಿಎಂ ಪರೀಕ್ಷೆ ಮೊದಲ ಆಯ್ಕೆ. ಐಜಿಎಂ ಹೊಸದಾಗಿ ಸೋಂಕು ತಗುಲಿದಾಗ ಏಳುವ ಪ್ರತಿಕಾಯ. ಸತ್ತ ವೈರಸ್ಸಿನ ಲಸಿಕೆಯಿಂದ ಅದು ಸಾಮಾನ್ಯವಾಗಿ ಕಾಣುವಷ್ಟು ಏಳುವುದಿಲ್ಲ. ಹಾಗಾಗಿ ಲಸಿಕೆಯದೋ ಸೋಂಕಿನದೋ ಎಂಬ ಗೊಂದಲ ಕಡಿಮೆ. ವೈರಸ್ಸಿನ ಜೀನನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಹೊಸದು, ಅದೇ ಉತ್ತಮ ಎಂದು ಅನಿಸಬಹುದು. ಆದರೆ ವೆಸ್ಟ್ ನೈಲ್‌ನಲ್ಲಿ ಲಕ್ಷಣ ಕಾಣುವ ಹೊತ್ತಿಗೆ ರಕ್ತದಿಂದ ವೈರಸ್ ಹೋಗಿಬಿಟ್ಟಿರುತ್ತದೆ, ರಕ್ತದ ಪಿಸಿಆರ್ ಸುಮ್ನೆ ಸೋಂಕಿಲ್ಲ ಎಂದು ಹೇಳಿಬಿಡಬಹುದು. ಸತ್ತ ಕುದುರೆಯ ಮೆದುಳಿನ ಪರೀಕ್ಷೆಗೆ ಅದು ಸರಿ. ವೆಸ್ಟ್ ನೈಲ್ ಮತ್ತು ಜೆ.ಇ. ಎರಡೂ ಇರುವ ಕಡೆ ಒಂದರ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲೂ ಕಾಣುತ್ತದೆ. ಆಗ ಪ್ರತಿಕಾಯ ನಿಜವಾಗಿ ಯಾವ ವೈರಸ್ಸನ್ನು ತಡೆಯುತ್ತದೆ ಎಂದು ನೋಡುವ ನ್ಯೂಟ್ರಲೈಸೇಶನ್ ಪರೀಕ್ಷೆಯೇ ಬೇಕಾಗುತ್ತದೆ. ಬಹಳ ದೇಶಗಳಲ್ಲಿ ಈ ಕಾಯಿಲೆಗಳನ್ನು ಇಲಾಖೆಗೆ ತಿಳಿಸುವುದು ಕಡ್ಡಾಯ. ಕಡ್ಡಾಯ ಇಲ್ಲದಿದ್ದರೂ ತಿಳಿಸಿ. ಕುದುರೆಯನ್ನು ಕಚ್ಚಿದ ಸೊಳ್ಳೆ ಸುತ್ತಲಿನ ಜನರನ್ನೂ ಕಚ್ಚುತ್ತದೆ.

ಮನೆಯಲ್ಲೋ ಆಸ್ಪತ್ರೆಯಲ್ಲೋ ಎನ್ನುವುದು ಕುದುರೆ ನಿಂತಿದೆಯೋ ಬಿದ್ದಿದೆಯೋ ಎನ್ನುವುದರ ಮೇಲೆ ನಿಂತಿದೆ. ನಿಂತಿದ್ದು, ನುಂಗುತ್ತಿದ್ದರೆ ಮನೆಯೇ ವಾಸಿ. ಮಂದ ಬೆಳಕು, ಸದ್ದಿಲ್ಲದ ಜಾಗ, ದಪ್ಪ ಹುಲ್ಲಿನ ಹಾಸು, ವೈದ್ಯರು ಕೊಟ್ಟ ಉರಿಯೂತದ ಔಷಧಿ, ಮೂತಿಯ ಎತ್ತರಕ್ಕೆ ನೀರು. ತೂರಾಟ ಗಂಟೆಗಂಟೆಗೂ ಹೆಚ್ಚುತ್ತಿದ್ದರೆ ಕಾಯಬೇಡಿ, ಬೀಳುವ ಮೊದಲೇ ಆಸ್ಪತ್ರೆಗೆ ಸಾಗಿಸುವ ಬಗ್ಗೆ ವೈದ್ಯರ ಹತ್ತಿರ ಮಾತಾಡಿ. ಬಿದ್ದ ಮೇಲೆ ಐನೂರು ಕಿಲೋ ತೂಕದ ಪ್ರಾಣಿಯನ್ನು ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಅದರ ಭಾರವೇ ಅದರ ಮಾಂಸಖಂಡವನ್ನು ಕೊಲ್ಲುತ್ತದೆ. ಜೋಲಿ ಕಟ್ಟಿ ಎತ್ತುವ ಸೌಲಭ್ಯ ಇರುವುದು ಹೆಚ್ಚಾಗಿ ಆಸ್ಪತ್ರೆಯಲ್ಲೇ. ಈಸ್ಟರ್ನ್ ಎಂದು ಖಾತ್ರಿಯಾಗಿ, ಕುದುರೆ ಬಿದ್ದು, ಸೆಳೆತ ಶುರುವಾಗಿದ್ದರೆ ನೋವಿಲ್ಲದೆ ಕಳಿಸಿಕೊಡುವುದೂ ಆರೈಕೆಯೇ. ಆ ಮಾತನ್ನು ವೈದ್ಯರು ಎತ್ತಲಿ ಎಂದು ಕಾಯಬೇಕಾಗಿಲ್ಲ, ನೀವೇ ಕೇಳಬಹುದು. ವೆಸ್ಟ್ ನೈಲ್ ಆದರೆ ನಿಂತಿರುವ ಕುದುರೆಗೆ ಒಂದು ವಾರ ಕೊಡಿ. ಎಷ್ಟೋ ಕುದುರೆಗಳು ಮೂರು ದಿನ ಕಳೆದು, ಏಳು ದಿನದೊಳಗೆ ಚೇತರಿಸಲು ಶುರು ಮಾಡುತ್ತವೆ.

ಉಳಿದ ಕುದುರೆಗಳ ಗತಿ? ಕಾಯಿಲೆ ಯಾವುದೆಂದು ಗೊತ್ತಾಗುವವರೆಗೆ ರೋಗಿಯನ್ನು ಬೇರೆ ಇಡಿ, ಯಾಕೆಂದರೆ ಕುದುರೆಯಿಂದ ಕುದುರೆಗೆ ನೇರವಾಗಿ ಹರಡುವ ಹರ್ಪಿಸ್ ವೈರಸ್ ಕೂಡ ಕಾಲಿನ ಬಲ ಕಸಿಯುತ್ತದೆ. ವೆಸ್ಟ್ ನೈಲ್ ಅಥವಾ ಈಸ್ಟರ್ನ್ ಎಂದು ಗೊತ್ತಾದರೆ ಬೇರೆ ಇಡುವ ಅಗತ್ಯ ಇಲ್ಲ, ಅದರ ಪಕ್ಕದ ಕುದುರೆಗೆ ಅದರಿಂದ ಅಪಾಯ ಇಲ್ಲ. ಅಪಾಯ ಇರುವುದು ಅದನ್ನು ಕಚ್ಚಿದ ಸೊಳ್ಳೆ ಹುಟ್ಟಿದ ನೀರಿನಲ್ಲಿ. ಹಿಂದೆ ಲಸಿಕೆ ಆಗಿರುವ ಉಳಿದ ಕುದುರೆಗಳಿಗೆ ಅದೇ ವಾರ ಬೂಸ್ಟರ್ ಹಾಕಿಸಬೇಕಾ ಎಂದು ವೈದ್ಯರನ್ನು ಕೇಳಿ. ಒಮ್ಮೆಯೂ ಆಗಿರದವಕ್ಕೆ ಮೊದಲ ಡೋಸ್ ಅಂದೇ ಹಾಕಿಸಿ, ಎರಡನೆಯದರ ತಾರೀಖನ್ನು ವೈದ್ಯರು ಗೇಟು ದಾಟುವ ಮೊದಲೇ ಬರೆಸಿಕೊಳ್ಳಿ.